ವ್ಯಾಪಾರದಲ್ಲಿ ಸಾರ್ಥಕ ಮಾರ್ಪಾಡು

‘ವ್ಯಾಪಾರ’ ಎಂಬ ಶಬ್ದವನ್ನು ನಾವು ಈಗ ಕೊಡುವ ಕೊಳ್ಳುವ ಕೆಲಸಕ್ಕಷ್ಟೇ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಹರವು ಇನ್ನೂ ದೊಡ್ಡದು. ಯಾವ ಕಾರ್ಯದಲ್ಲಿ ತೊಡಗಿಕೊಂಡರೂ ಅದು ವ್ಯಾಪಾರವೇ. ವೈಯಾಕರಣರಂತೂ ಧಾತುವಿಗೆ ಎರಡು ಅರ್ಥಗಳನ್ನು ಹೇಳುತ್ತಾರೆ: ಒಂದು ವ್ಯಾಪಾರ, ಇನ್ನೊಂದು ಫಲ. ‘ದೇವದತ್ತನು ಅಕ್ಕಿಯನ್ನು ಬೇಯಿಸುತ್ತಾನೆ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಒಲೆ ಹೊತ್ತಿಸುವುದು, ಎಸರಿಡುವುದು, ಸೌಟಾಡಿಸುವುದು ಇವೆಲ್ಲ ವ್ಯಾಪಾರ, ಅದು ದೇವದತ್ತನಲ್ಲಿದೆ. ಕಾಳು ಮೆತ್ತಗಾಗುವುದು ಫಲ, ಅದು ಅಕ್ಕಿಯಲ್ಲಿದೆ. ದೇವದತ್ತನು ಎಷ್ಟೇ ಬೆವರು ಸುರಿಸಲಿ, ಕಾಳು ಬೇಯದೆ ಇದ್ದರೆ ಎಲೆಯ ಮುಂದೆ ಕುಳಿತವರು ಅವನನ್ನು ಮೆಚ್ಚುವುದಿಲ್ಲ.

ವ್ಯಾಪಾರದಲ್ಲಿ ಮಾರ್ಪಾಡು ಎಂಬ ಈ ವಿಷಯಕ್ಕೆ ಕನ್ನಡ ಪಂಡಿತನನ್ನು ಏಕೆ ಕರೆದರು ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನಿಸಿರಬಹುದು. ನನಗೂ ಅನಿಸಿತು. ಆದರೆ ಹೈಸ್ಕೂಲಿನ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಕರ್ತೃ, ಕರ್ಮ, ಕ್ರಿಯೆಗಳ ಪಾಠ ಹೇಳುತ್ತ ಬಂದವನಿಗೆ ಅಂಗಡಿಯ ಮುಂದೆ ನಿಂತಾಗಲೂ ಅದೇ ನೆನಪಾಗುತ್ತದೆ. ಅಂಗಡಿಯವನು ಮಾಡುವ ಮಾರ್ಪಾಡು ಅಂಗಡಿಯೊಳಗೆ ನಡೆಯುತ್ತದೆ. ಅದರ ಫಲ ಮಾತ್ರ ಗಿರಾಕಿಯ ಮನೆಯಲ್ಲಿ ಕಾಣಿಸಬೇಕು. ಹಲಗೆಗೆ ಹೊಸ ಬಣ್ಣ ಬಳಿಯುವುದು, ಮೇಜಿನ ಮೇಲೆ ಗಾಜು ಹಾಸುವುದು, ಗಲ್ಲಾಪೆಟ್ಟಿಗೆಯ ಜಾಗದಲ್ಲಿ ಯಂತ್ರವನ್ನು ತಂದಿಡುವುದು, ಇವೆಲ್ಲ ಬೇಡವೆಂದು ನಾನು ಹೇಳುವುದಿಲ್ಲ. ಎಸರಿಡುವುದೂ ಬೇಕಾದ ಕೆಲಸವೇ. ಕಾಳು ಬೆಂದಿತೇ ಎಂದು ಕೇಳುವವರು ಕಡಿಮೆ, ಅಷ್ಟೆ.

ಈ ಪ್ರಶ್ನೆಯನ್ನು ಕೇಳುವುದಕ್ಕೆ ನಮ್ಮ ಮಂಗಳೂರಿನಂಥ ಊರು ಬೇರೆ ಇಲ್ಲ. ಇಲ್ಲಿ ಬೆಳೆದ ದೊಡ್ಡ ಉದ್ಯಮಗಳನ್ನು ಒಂದೊಂದಾಗಿ ನೋಡಿದರೆ, ಹಲವಕ್ಕೆ ಮೂಲವಾದದ್ದು ಕೈಗೆ ಸಿಕ್ಕುವಷ್ಟು ಸಣ್ಣ ಸಂಗತಿ.

ತಲೆಯ ಮೇಲಿನ ಹೆಂಚಿನಿಂದಲೇ ತೊಡಗೋಣ. ಇಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹಿಂದೆ ಸಾಮಾನ್ಯರ ಮನೆಗೆ ಮುಳಿಹುಲ್ಲಿನ ಇಲ್ಲವೆ ಮಡಲಿನ ಹೊದಿಕೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದನ್ನು ಹೊಸದಾಗಿ ಹೊದಿಸಬೇಕು. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಯೇ ಬೂದಿ. ಅನುಕೂಲವಂತರಿಗೆ ಕುಂಬಾರನ ನಾಡಹೆಂಚು ಇತ್ತು, ಅರ್ಧ ಸೀಳಿದ ಬಿದಿರಿನಂತೆ ಬಾಗಿದ್ದು. ಒಂದರ ಮೇಲೊಂದು ಕವುಚಿಟ್ಟ ಆ ಹೆಂಚನ್ನು ಹಿಡಿದುಕೊಳ್ಳುವುದು ಏನೂ ಇಲ್ಲ. ಬೆಕ್ಕು ಓಡಾಡಿದರೆ ಸರಿಯಿತು, ಕಾಗೆ ಕುಕ್ಕಿದರೆ ಜಾರಿತು. ಮಳೆಯ ಮೊದಲು ಮಾಡಿಗೆ ಹತ್ತಿ ಹೆಂಚು ಕೈಯಾಡಿಸುವುದು ವರ್ಷಾವಧಿ ಕೆಲಸವಾಗಿತ್ತು.

ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಕ್ರೈಸ್ತರಾದವರಿಗೆ ತಮ್ಮ ಕುಲಕಸುಬು ತಪ್ಪಿದಾಗ ಅನ್ನದ ದಾರಿಯನ್ನು ಹುಡುಕಿಕೊಡುವುದು ಮಿಶನಿಗೆ ಅನಿವಾರ್ಯವಾಯಿತು. ನೇಯ್ಗೆ, ಮುದ್ರಣ, ಕಡೆಗೆ ಹೆಂಚು. ಜಾರ್ಜ್ ಪ್ಲೆಬ್‌ಸ್ಟ್ ಎಂಬವರ ಶ್ರಮದಿಂದ ೧೮೬೫ರಲ್ಲಿ ಜೆಪ್ಪಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ಶುರುವಾಯಿತು. ಆ ಹೆಂಚಿನ ರಹಸ್ಯವೆಲ್ಲ ಅದರ ಅಂಚಿನಲ್ಲಿದೆ. ಒಂದು ಅಂಚಿಗೆ ತೋಡು, ಇನ್ನೊಂದು ಅಂಚಿಗೆ ಏಣು. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಕೆಳಗೆ ರೀಪಿಗೆ ಸಿಕ್ಕಿಸಲು ಒಂದು ಮೊಳೆಯಂಥ ಉಬ್ಬು. ಇಂಥ ಕೊಂಡಿಯ ಹೆಂಚನ್ನು ೧೮೪೧ರಲ್ಲೇ ಫ್ರಾನ್ಸ್ ದೇಶದ ಅಲ್ಸಾಸಿನಲ್ಲಿ ಗಿಲಾರ್ದೋನಿ ಸಹೋದರರು ಹೊಸದಾಗಿ ರೂಪಿಸಿದ್ದರು, ಕಲ್ಪನೆ ಇಲ್ಲಿಯದಲ್ಲ. ಆದರೆ ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣು, ಇಲ್ಲಿಯ ಮಳೆ, ಇಲ್ಲಿಯ ಬಂದರು, ಈ ಮೂರೂ ಆ ತೋಡಿಗೆ ಹೊಂದಿಕೊಂಡವು. ಅಂಚಿನ ಬೆರಳಗಲದ ತೋಡಿನಿಂದ ವರ್ಷಾವಧಿಯ ಕೈಯಾಡಿಸುವ ಕೆಲಸ ಬಹುಮಟ್ಟಿಗೆ ತಪ್ಪಿತು. ಮಾರ್ಪಾಡು ಕಾರ್ಖಾನೆಯ ಅಚ್ಚಿನಲ್ಲಿ ನಡೆಯಿತು. ಅದರ ಫಲವನ್ನು ಮಳೆಗಾಲದ ರಾತ್ರಿ ಚಾಪೆಯನ್ನು ಮೂಲೆಯಿಂದ ಮೂಲೆಗೆ ಎಳೆಯದೆ ಮಲಗಿದವರು ಉಂಡರು.

ಇದು ಮಿಶನಿನೊಳಗೇ ನಿಲ್ಲಲಿಲ್ಲ. ೧೮೬೮ರಲ್ಲಿ ಆಲ್ಬುಕರ್ಕ್ ಮನೆತನದವರು ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ನದಿಯ ದಂಡೆಯುದ್ದಕ್ಕೂ ಹೊಗೆಕೊಳವೆಗಳು ಎದ್ದವು. ಮಂಗಳೂರು ಹೆಂಚು ಹಡಗು ಹತ್ತಿ ಆಫ್ರಿಕದ ಪೂರ್ವ ತೀರದವರೆಗೂ ಹೋಯಿತು. ಇಂದಿಗೂ ಹಳೆಯ ಮನೆಗಳನ್ನು ಕೆಡಹುವಾಗ ‘ಬಾಸೆಲ್ ಮಿಶನ್ ೧೮೬೫’ ಎಂಬ ಅರ್ಥದ ಅಚ್ಚುಳ್ಳ ಹೆಂಚುಗಳು ಸಿಕ್ಕುತ್ತವೆ. ಅವನ್ನು ಪುನಃ ಹೊದಿಸುವುದಕ್ಕೆಂದು ಕೊಂಡುಹೋಗುವವರೂ ಇದ್ದಾರೆ.

ಆ ಕಾರ್ಖಾನೆಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ. ಸೌದೆ ತುಟ್ಟಿಯಾಯಿತು, ಮಣ್ಣು ಸಿಕ್ಕುವುದು ಕಷ್ಟವಾಯಿತು, ಕಾಂಕ್ರೀಟಿನ ತಾರಸಿ ಬಂತು ಎಂದು ಕಾರಣಗಳನ್ನು ಹೇಳುತ್ತಾರೆ. ಎಲ್ಲವೂ ನಿಜ. ನನಗೆ ಕಾಣುವ ಇನ್ನೊಂದು ಕಾರಣವಿದೆ. ಒಂದು ಒಳ್ಳೆಯ ಮಾರ್ಪಾಡಿನ ಬಲದಿಂದ ನೂರು ವರ್ಷ ಬದುಕಿದ ಉದ್ಯಮ ಎರಡನೆಯ ಮಾರ್ಪಾಡನ್ನು ಬೇಗ ಯೋಚಿಸಲಿಲ್ಲ. ತಮಾಷೆಯೆಂದರೆ, ತಾರಸಿ ಕಟ್ಟಿಸಿದವರು ನಾಲ್ಕು ಮಳೆಗಾಲ ಸೋರಿದ ಮೇಲೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡನ್ನು ಹೊದಿಸುತ್ತಿದ್ದಾರೆ. ಮಂಗಳೂರಿನ ಯಾವ ಎತ್ತರದ ಕಟ್ಟಡದಿಂದ ನೋಡಿದರೂ ಈ ನೀಲಿ, ಕೆಂಪು ತಗಡುಗಳು ಕಾಣುತ್ತವೆ. ಮಳೆಗೆ ಇಳಿಜಾರು ಮಾಡೇ ಬೇಕೆಂಬುದು ಇಲ್ಲಿ ಯಾವಾಗಲೂ ಸತ್ಯವಾಗಿತ್ತು. ಆ ಸತ್ಯವನ್ನು ಹಗುರವಾಗಿ, ಅಗ್ಗವಾಗಿ ಹೊಸ ಮನೆಗೆ ಒದಗಿಸಿದವರು ಹೆಂಚಿನವರಲ್ಲ, ತಗಡಿನವರು.

ಹೆಂಚಿನದು ಸರಕಿನಲ್ಲಿ ಆದ ಮಾರ್ಪಾಡು. ಸರಕೇ ಇಲ್ಲದ ವ್ಯಾಪಾರದಲ್ಲಿ, ಎಂದರೆ ಹಣದ ವ್ಯಾಪಾರದಲ್ಲಿ, ಆದ ಮಾರ್ಪಾಡು ಇನ್ನೂ ಸಣ್ಣದು. ಅದರ ಬೆಲೆ ಎರಡಾಣೆ.

೧೯೨೫ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಹುಟ್ಟಿಸಿದರು. ಉಪೇಂದ್ರ ಅನಂತ ಪೈಗಳು ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವರು ಎಂಜಿನಿಯರು, ಟಿ. ಎಂ. ಎ. ಪೈಗಳು ವೈದ್ಯರು. ಮೂಲ ಬಂಡವಾಳ ೮,೦೦೦ ರೂಪಾಯಿ. ಆಗ ಕೈಮಗ್ಗದ ಕಸುಬು ಸೊರಗಿ ನೇಕಾರರು ಕಂಗೆಟ್ಟಿದ್ದರು. ಅವರಿಗೆ ನೆರವಾಗುವುದು ಸಂಸ್ಥೆಯ ಉದ್ದೇಶ. ಉದ್ದೇಶ ದೊಡ್ಡದು, ಗಂಟು ಸಣ್ಣದು. ಹಣವುಳ್ಳವರ ಠೇವಣಿ ಸಿಕ್ಕಬೇಕಾದರೆ ಆ ಕಾಲಕ್ಕೆ ಇದೇ ಜಿಲ್ಲೆಯಲ್ಲಿ ಬೇರೆ ಬ್ಯಾಂಕುಗಳಿದ್ದವು. ೧೯೦೬ರಲ್ಲೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಹುಟ್ಟಿದ್ದವು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು ಬಂದಿತ್ತು. ಹಾಗಾದರೆ ಹಣ ಯಾರಲ್ಲಿ ಉಳಿದಿತ್ತು? ಹಣವಿಲ್ಲದವರಲ್ಲಿ.

ಇದು ಚಮತ್ಕಾರದ ಮಾತಲ್ಲ. ಮೀನಿನ ಬುಟ್ಟಿ ಹೊತ್ತವಳು, ಮಗ್ಗದ ಮುಂದೆ ಕುಳಿತವನು, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ, ಇವರ ಕೈಗೆ ದಿನಾಲೂ ಕಾಸು ಬರುತ್ತದೆ, ದಿನಾಲೂ ಹೋಗುತ್ತದೆ. ಉಳಿಸಬೇಕೆಂಬ ಬುದ್ಧಿ ಇಲ್ಲವೆಂದಲ್ಲ. ಉಳಿಸುವುದೆಲ್ಲಿ? ಬ್ಯಾಂಕಿನ ಬಾಗಿಲು ತೆರೆದಿರುವ ಹೊತ್ತಿಗೆ ಅವರಿಗೆ ದುಡಿಮೆ. ಎರಡಾಣೆಯನ್ನು ಜಮೆ ಮಾಡುವುದಕ್ಕೆ ಅರ್ಧ ದಿನದ ಕೂಲಿಯನ್ನು ಬಿಡಬೇಕು. ಬಿಟ್ಟು ಹೋದರೂ ಅಲ್ಲಿ ಇಂಗ್ಲಿಷಿನ ಕಾಗದ, ಕಚ್ಚೆ ಕೋಟಿನ ಗುಮಾಸ್ತರ ನೋಟ. ಹಾಗಾಗಿ ಕಾಸು ಸಾಸಿವೆ ಡಬ್ಬಿಯಲ್ಲಿ ಉಳಿಯುತ್ತಿತ್ತು. ಮನೆಯಲ್ಲಿ ಜ್ವರ ಬಂದರೆ ವೈದ್ಯರಿಗೆ, ಬಾರದಿದ್ದರೆ ಶೇಂದಿ ಅಂಗಡಿಗೆ, ಕೋಳಿ ಅಂಕಕ್ಕೆ.

೧೯೨೮ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪರವಾಗಿ ಒಬ್ಬನು ದಿನಾಲೂ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ತೆಗೆದುಕೊಂಡು ಬರೆದು ಕೊಡುತ್ತಾನೆ. ಮಾರ್ಪಾಡು ಇಷ್ಟೇ. ಗಿರಾಕಿ ಬ್ಯಾಂಕಿಗೆ ನಡೆಯುವ ಬದಲು ಬ್ಯಾಂಕು ಗಿರಾಕಿಯ ಕಡೆಗೆ ನಡೆಯಿತು. ಬಡ್ಡಿಯ ದರ ಬದಲಾದದ್ದಲ್ಲ, ಕಟ್ಟಡ ಬದಲಾದದ್ದಲ್ಲ. ಯಾರು ನಡೆಯಬೇಕು ಎಂಬುದು ಬದಲಾಯಿತು.

ಎರಡಾಣೆಯ ಲೆಕ್ಕವನ್ನು ಮಕ್ಕಳಿಗೆ ಹೇಳುವಂತೆ ಹೇಳುತ್ತೇನೆ; ಆಣೆ ನೋಡದ ಕಿರಿಯರೂ ಕೇಳುತ್ತಿರಬಹುದು. ಹದಿನಾರು ಆಣೆಗೆ ಒಂದು ರೂಪಾಯಿ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ ೭೩೦ ಆಣೆ, ಅಂದರೆ ೪೫ ರೂಪಾಯಿ ೧೦ ಆಣೆ. ಇಂಥ ೧೭೫ ಮಂದಿ ಸೇರಿದರೆ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ೮,೦೦೦ ರೂಪಾಯಿ. ಬ್ಯಾಂಕನ್ನು ಸ್ಥಾಪಿಸುವುದಕ್ಕೆ ಮೂವರು ಗಣ್ಯರು ಸೇರಿಸಿದ ಬಂಡವಾಳವೂ ಅಷ್ಟೇ. ಒಂದು ಪೇಟೆಯ ಎರಡು ಬೀದಿಗಳಲ್ಲಿ ೧೭೫ ಮಂದಿ ಸಿಕ್ಕುವುದು ಕಷ್ಟವೇನೂ ಅಲ್ಲ.

ಲೆಕ್ಕ ಹೀಗೆ ಸುಲಭವಾಗಿದ್ದರೂ ಮಾಡುವ ಧೈರ್ಯ ಸುಲಭವಾಗಿರಲಿಲ್ಲ. ಎರಡಾಣೆಯನ್ನು ತರುವವನಿಗೆ ಕಮಿಶನ್ ಕೊಡಬೇಕು. ಚೀಟಿ ಹರಿಯಬೇಕು, ಖಾತೆಗೆ ಏರಿಸಬೇಕು, ಚಿಲ್ಲರೆಯ ಮೂಟೆಯನ್ನು ಎಣಿಸಬೇಕು. ಇಷ್ಟು ಖರ್ಚು ಮಾಡಿ ಇಷ್ಟು ಸಣ್ಣ ನಾಣ್ಯವನ್ನು ಯಾರು ಹೆಕ್ಕುತ್ತಾರೆ ಎಂದು ತಿಳಿದವರೇ ಕೇಳಬಹುದಾದ ಪ್ರಶ್ನೆ. ಆದರೆ ಲೆಕ್ಕಪುಸ್ತಕದಲ್ಲಿ ಕಾಣದ ಒಂದು ಲಾಭವೂ ಅದರಲ್ಲಿ ಇತ್ತೆಂದು ನನಗೆ ತೋರುತ್ತದೆ. ದಿನಾಲೂ ಬಾಗಿಲಿಗೆ ಹೋಗುವವನಿಗೆ ಮನೆಯ ಒಳಗು ತಿಳಿಯುತ್ತದೆ. ಆಟಿಯ ಮಳೆಯಲ್ಲೂ ತಪ್ಪದೆ ಎರಡಾಣೆ ಎತ್ತಿಡುವವನು ಯಾರು, ಸಂಕ್ರಾಂತಿಯ ಮಾರನೆಯ ದಿನ ಬಾಗಿಲು ಮುಚ್ಚಿಕೊಳ್ಳುವವನು ಯಾರು ಎಂಬುದು ಅವನಿಗೆ ಗೊತ್ತು. ಜಮೀನಿನ ಕಾಗದವಿಲ್ಲದ ನೇಕಾರನಿಗೆ ನೂಲಿಗೆಂದು ಸಾಲ ಕೊಡಬೇಕಾದಾಗ ಇದಕ್ಕಿಂತ ಒಳ್ಳೆಯ ಆಧಾರಪತ್ರ ಯಾವುದು?

ನನ್ನ ಬಾಲ್ಯದಲ್ಲಿ ನಮ್ಮ ಮನೆಗೂ ಪಿಗ್ಮಿಯವರು ಬರುತ್ತಿದ್ದರು. ಆಗ ಆಣೆ ಹೋಗಿ ಪೈಸೆ ಬಂದು ಬಹಳ ವರ್ಷಗಳಾಗಿದ್ದರೂ, ನನ್ನ ತಾಯಿ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ ಎಂದೇ ಕರೆಯುತ್ತಿದ್ದರು. ಸಂಜೆ ಸೈಕಲಿನ ಗಂಟೆ ಕೇಳಿದೊಡನೆ ಸೆರಗಿನ ತುದಿಯಿಂದ ಬಿಚ್ಚಿ ಎರಡು ನಾಲ್ಕಾಣೆಗಳನ್ನು ಜಗಲಿಯ ಮೇಲಿಡುವರು. ಕೆಲವು ದಿನ ಒಂದೇ ಇರುತ್ತಿತ್ತು. ಪಿಗ್ಮಿಯವರು ಒಂದನ್ನೂ ಎರಡನ್ನೂ ಒಂದೇ ಮುಖದಿಂದ ಬರೆದುಕೊಳ್ಳುತ್ತಿದ್ದರು. ತಂದೆಗೂ ತಿಳಿಯದ ಆ ಹಣದಿಂದ ನಾನು ಎಂಟನೆಯ ತರಗತಿಗೆ ಸೇರುವ ವರ್ಷ ಒಂದು ಹೊಸ ಕೊಡೆಯೂ, ಅಕ್ಕನಿಗೆ ಹೊಲಿಗೆ ಯಂತ್ರದ ಮುಂಗಡವೂ ಬಂದವು. ಓದು ಬರಹ ಅಷ್ಟಾಗಿ ಬಾರದ ತಾಯಿಗೆ ತನ್ನ ಹೆಸರು ಮೇಲೆ ಬರೆದ ಒಂದು ಪುಸ್ತಕವಿದ್ದದ್ದು ಅದೊಂದೇ.

ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕು ಎಂಬ ಹೆಸರು ಪಡೆದು, ೧೯೬೯ರಲ್ಲಿ ರಾಷ್ಟ್ರೀಕರಣಗೊಂಡು, ದೇಶದ ಮೂಲೆಮೂಲೆಗೆ ಹಬ್ಬಿತು. ಪಿಗ್ಮಿ ಎಂಬ ಪರಭಾಷೆಯ ಶಬ್ದ ಕನ್ನಡದ್ದೇ ಆಯಿತು. ಈಗ ನಮ್ಮ ಹಳ್ಳಿಯ ಸಹಕಾರಿ ಸಂಘದ ದೈನಿಕ ಸಂಗ್ರಹವನ್ನೂ ಜನ ಪಿಗ್ಮಿಯೆಂದೇ ಕರೆಯುತ್ತಾರೆ.

ಆದರೆ ಈ ಮಾರ್ಪಾಡಿನ ಭಾರವನ್ನು ಹೊತ್ತವರ ಮಾತು ಹೇಳದೆ ಮುಂದುವರಿಯಬಾರದು. ಬ್ಯಾಂಕಿನ ಕಾಲಾಗಿ ನಡೆದವರು ಪಿಗ್ಮಿ ಸಂಗ್ರಾಹಕರು. ಅವರಿಗೆ ಸಂಬಳವಿಲ್ಲ, ಸಂಗ್ರಹಿಸಿದ್ದರ ಮೇಲೆ ಕಮಿಶನ್ ಮಾತ್ರ. ಜ್ವರ ಬಂದು ಮಲಗಿದ ದಿನ ಆದಾಯವೂ ಮಲಗಿತು. ಮಳೆಯಲ್ಲಿ ನೆನೆದು ಕೆಲವರು ಮೂವತ್ತು ವರ್ಷ ಒಂದೇ ಬೀದಿಯನ್ನು ಸುತ್ತಿದರು. ಬ್ಯಾಂಕಿನ ನೌಕರರೆಂಬ ಹೆಸರು ಸಿಕ್ಕಲಿಲ್ಲ. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೨೦೦೧ರಲ್ಲಿ ನ್ಯಾಯಾಲಯವು ಇವರೂ ಕಾರ್ಮಿಕರೇ ಎಂದು ಎತ್ತಿಹಿಡಿಯಿತು. ಕಾಯಂ ನೌಕರರಿಗೆ ಸರಿಸಮಾನರೆಂದು ಮಾತ್ರ ಒಪ್ಪಲಿಲ್ಲ. ೧೯೨೮ರಿಂದ ೨೦೦೧ಕ್ಕೆ ಎಪ್ಪತ್ತಮೂರು ವರ್ಷ. ಫಲವು ಗಿರಾಕಿಯ ಮನೆಯನ್ನು ತಲುಪಿತು, ಬ್ಯಾಂಕಿಗೂ ತಲುಪಿತು; ಅದನ್ನು ಹೊತ್ತು ತಂದವನ ಮನೆಗೆ ತಲುಪುವಾಗ ಅಷ್ಟು ತಡವಾಯಿತು. ಹೊಸ ಕ್ರಮವನ್ನು ತರುವ ವ್ಯಾಪಾರಿ ಮೊದಲ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಈ ಅನುಕೂಲವನ್ನು ಯಾರ ಬೆನ್ನಿನ ಮೇಲೆ ಹೇರುತ್ತಿದ್ದೇನೆ?

ಈಚಿನ ಮಾರ್ಪಾಡುಗಳ ಮಾತಿಗೆ ಬರೋಣ. ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿ ಸರ್ಕಾರದ ಸ್ವಾಮ್ಯಕ್ಕೆ ಬಂದ ಬ್ಯಾಂಕುಗಳು ನಾಲ್ಕು. ಅವುಗಳಲ್ಲಿ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು. ಮರುವರ್ಷದ ಏಪ್ರಿಲಿನಲ್ಲಿ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದವು. ದೊಡ್ಡ ಬ್ಯಾಂಕು ಹೆಚ್ಚು ಗಟ್ಟಿ, ದೊಡ್ಡ ಸಾಲ ಕೊಡಬಲ್ಲದು ಎಂಬ ವಾದದಲ್ಲಿ ಹುರುಳಿರಬಹುದು. ಅದು ಅರ್ಥಶಾಸ್ತ್ರಜ್ಞರ ವಿಷಯ. ಊರಿನ ಹೆಸರುಗಳು ಹೋದವೆಂಬ ದುಃಖವನ್ನೂ ನಾನು ಇಲ್ಲಿ ತೋಡಿಕೊಳ್ಳಲಾರೆ. ನನ್ನ ಪ್ರಶ್ನೆ ದೇವದತ್ತನ ಅಕ್ಕಿಯದು.

ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ತಿಂಗಳ ಮೊದಲ ವಾರ ಪಿಂಚಣಿಗೆ ಹೋಗುತ್ತಾರೆ. ಅದು ಯಾವ ಬ್ಯಾಂಕು ಎಂಬುದು ಮುಖ್ಯವಲ್ಲ. ಅಲ್ಲಿ ಹಿಂದೆ ಪಾಸುಪುಸ್ತಕವನ್ನು ಬರೆದುಕೊಡುವ ಗುಮಾಸ್ತರಿದ್ದರು. ಅವರ ಬದಲು ಈಗ ಬಾಗಿಲ ಬಳಿ ಒಂದು ಯಂತ್ರ. ಪುಸ್ತಕವನ್ನು ಸರಿಯಾದ ಪುಟಕ್ಕೆ ತೆರೆದು ಒಳಗೆ ತೂರಿಸಬೇಕು. ಪುಟ ತಪ್ಪಿದರೆ ಅದು ಉಗುಳುತ್ತದೆ. ಎರಡು ಸಲ ಉಗುಳಿದರೆ ಹಿಂದಿನ ಸಾಲಿನವರು ಗೊಣಗುತ್ತಾರೆ. ಒಳಗೆ ಕೇಳೋಣವೆಂದರೆ ಕೌಂಟರಿನ ಯುವಕ ಬಲು ಸಭ್ಯ, ಆದರೆ ದೂರದ ರಾಜ್ಯದವನು, ಕನ್ನಡವೂ ಬಾರದು, ತುಳುವೂ ಬಾರದು. ಎಂಬತ್ತು ದಾಟಿದ ಮೇಷ್ಟ್ರು ಈಗ ಮೊಮ್ಮಗನಿಗೆ ರಜೆಯಿರುವ ದಿನವನ್ನು ಕಾಯುತ್ತಾರೆ. ಯಂತ್ರ ಒಳ್ಳೆಯದೇ; ತಿಳಿದವರಿಗೆ ಅರ್ಧ ನಿಮಿಷದ ಕೆಲಸ. ಆದರೆ ನೂರು ವರ್ಷದ ಹಿಂದೆ ಬ್ಯಾಂಕು ಗಿರಾಕಿಯ ಕಡೆಗೆ ಇಟ್ಟ ಹೆಜ್ಜೆಯನ್ನು ಈಗ ಗಿರಾಕಿ ಬ್ಯಾಂಕಿನ ಕಡೆಗೆ ಇಡಬೇಕಾಗಿದೆ, ಅದೂ ಮೊಮ್ಮಗನ ಕೈ ಹಿಡಿದುಕೊಂಡು. ಯಂತ್ರದ ಪಕ್ಕದಲ್ಲಿ ತಿಂಗಳ ಮೊದಲ ಐದು ದಿನ ಕನ್ನಡ ಬಲ್ಲ ಒಬ್ಬರನ್ನು ನಿಲ್ಲಿಸಿದ್ದರೆ ಇಡೀ ಮಾರ್ಪಾಡು ಸಾರ್ಥಕವಾಗುತ್ತಿತ್ತು.

ಮಾರ್ಪಾಡು ಸಣ್ಣದಾಗಿಯೇ ಇರಬೇಕೆಂದು ನಾನು ವಾದಿಸುತ್ತಿಲ್ಲ. ಕೆಲವು ಕಡೆ ಸಣ್ಣದು ಸಾಲದು. ವ್ಯಾಪಾರದ ಬುಡವನ್ನೇ ಬದಲಿಸಬೇಕಾಗುತ್ತದೆ. ಅಡಿಕೆಯ ಸಂಗತಿ ಹಾಗಾಯಿತು. ಪುತ್ತೂರು, ಸುಳ್ಯ, ಬಂಟ್ವಾಳ, ಗಡಿಯಾಚೆಯ ಕಾಸರಗೋಡು, ಈ ಕಡೆಯ ಬೆಳೆಗಾರನು ಅಡಿಕೆಯನ್ನು ಒಣಗಿಸಿ, ಸುಲಿದು, ಮೂಟೆ ಕಟ್ಟಿ ಮಂಡಿಗೆ ತಂದ ಮೇಲೆ ಬೆಲೆ ತಿಳಿಯುತ್ತಿತ್ತು. ಪಟೋರ, ಉಳ್ಳಿ, ಕರಿಗೋಟು ಎಂದು ಬೇರ್ಪಡಿಸುವವರು ಕೊಳ್ಳುವವರೇ. ಬೆಲೆ ಹೇಳುವವರೂ ಅವರೇ. ಒಪ್ಪದಿದ್ದರೆ ಮೂಟೆಯನ್ನು ಗಾಡಿಗೇರಿಸಿ ಹಿಂದಕ್ಕೆ ಒಯ್ಯಬೇಕು. ಮಂಡಿಯವರೆಲ್ಲ ಮೋಸಗಾರರೆಂದು ಯಾರೂ ತಿಳಿಯಬಾರದು. ಮಗಳ ಮದುವೆಗೆ ಬೆಳೆಯ ಮೇಲೆ ಮುಂಗಡ ಕೊಟ್ಟು ಮಾನ ಉಳಿಸಿದವರೂ ಅವರಲ್ಲಿ ಇದ್ದರು. ಆದರೆ ಮುಂಗಡ ಪಡೆದವನು ಬೆಲೆಯ ವಿಷಯದಲ್ಲಿ ಬಾಯಿ ತೆರೆಯಲಾರ. ೧೯೭೦ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಬೆಳೆಗಾರರಿಗೆ ನಿಲ್ಲುವ ನೆಲವೇ ಇಲ್ಲವಾಯಿತು.

ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರ ಜುಲೈ ೧೧ರಂದು ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು. ಬೆಳೆಯುವವರೇ ಕೊಳ್ಳುವವರೂ ಆದದ್ದು, ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಕರ್ಮವಾಗಿದ್ದವನು ಕರ್ತೃವಾದದ್ದು. ಸಂಸ್ಥೆ ಊರೂರಲ್ಲಿ ಖರೀದಿ ಕೇಂದ್ರಗಳನ್ನು ತೆರೆದು ತನ್ನ ಧಾರಣೆಯನ್ನು ಪ್ರಕಟಿಸತೊಡಗಿತು. ಹೀಗಾದ ಮೇಲೆ ಮೂಟೆಯನ್ನು ಹೊರಡಿಸುವ ಮುನ್ನವೇ ಬೆಲೆ ತಿಳಿಯಿತು. ಕ್ಯಾಂಪ್ಕೊಗೆ ಒಂದು ಅಡಿಕೆಯನ್ನೂ ಕೊಡದೆ ಖಾಸಗಿ ವ್ಯಾಪಾರಿಗೇ ಮಾರುವವನೂ ‘ಅಲ್ಲಿ ಇಷ್ಟಿದೆಯಲ್ಲ’ ಎಂದು ಹೇಳಬಲ್ಲವನಾದನು. ದೊಡ್ಡ ಸಂಸ್ಥೆಯ ದೊಡ್ಡ ಫಲವೆಂದರೆ ಒಂದು ಸಣ್ಣ ವಾಕ್ಯವನ್ನು ಧೈರ್ಯವಾಗಿ ಹೇಳುವ ಅವಕಾಶ.

ಅದೇ ಸಂಸ್ಥೆಗೆ ಎರಡನೆಯ ಪರೀಕ್ಷೆ ಬೇಗನೆ ಬಂತು. ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಬೆಳೆದರೆ ಲಾಭವಿದೆಯೆಂದು ಬಹಳ ಮಂದಿ ನೆಟ್ಟಿದ್ದರು. ೧೯೮೦ರ ಸುಮಾರಿಗೆ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಬಿದ್ದು ಕೊಳ್ಳುವವರು ಹಿಂದೆಗೆದರು. ಕೊಕ್ಕೋ ಕಾಯನ್ನು ಅಡಿಕೆಯಂತೆ ಅಟ್ಟದ ಮೇಲೆ ಕಟ್ಟಿಡುವಂತಿಲ್ಲ. ಒಡೆದ ಹಸಿಬೀಜ ಕಾಯುವುದಿಲ್ಲ. ತೋಟಗಳಲ್ಲಿ ಗಿಡಗಳನ್ನು ಕಡಿಯಲು ಕತ್ತಿ ಮಸೆಯುತ್ತಿದ್ದಾಗ ಕ್ಯಾಂಪ್ಕೊ ಕೊಕ್ಕೋವನ್ನು ಕೊಳ್ಳಲು ಮುಂದೆ ಬಂತು. ಬರಿಯ ಬೀಜವನ್ನು ಕೊಂಡು ಎಷ್ಟು ದಿನ ಇಟ್ಟುಕೊಳ್ಳುವುದು? ಕಡೆಗೆ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ಕಟ್ಟಿದರು. ೧೯೮೬ರ ಸೆಪ್ಟೆಂಬರ್ ೧ರಂದು ರಾಷ್ಟ್ರಪತಿ ಜೈಲ್ ಸಿಂಗರು ಅದನ್ನು ಉದ್ಘಾಟಿಸಿದರು. ಅಡಿಕೆಯವರಿಗೆ ಚಾಕೊಲೇಟೇ ಎಂದು ಆಗ ನಕ್ಕವರು ಇದ್ದಿರಬೇಕು. ಮಾರ್ಪಾಡಿಗೆ ನಗುವವರು ಎಲ್ಲಿಯೂ ಇರುತ್ತಾರೆ. ಹೆಂಚಿನವರು ಬೇಗ ಮಾಡದೆ ಹೋದ ಎರಡನೆಯ ಮಾರ್ಪಾಡನ್ನು ಇವರು ಹದಿಮೂರು ವರ್ಷದಲ್ಲಿ ಮಾಡಿದರು. ಗಿಡ ಉಳಿಯಿತು.

ಇವೆಲ್ಲ ದೊಡ್ಡ ಸಂಸ್ಥೆಗಳ ಮಾತಾಯಿತು, ಕಾರ್‌ಸ್ಟ್ರೀಟಿನ ಹತ್ತಡಿ ಅಗಲದ ಅಂಗಡಿಯವನು ಏನು ಮಾಡಬೇಕು ಎಂದು ಕೇಳಿದರೆ, ನಮ್ಮ ಶಾಲೆಯ ಹತ್ತಿರದ ಪುಸ್ತಕದ ಅಂಗಡಿಯೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಜೂನ್ ತಿಂಗಳ ಮೊದಲ ವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳು. ಒಬ್ಬೊಬ್ಬ ತಾಯಿಯೂ ಶಾಲೆಯ ಪಟ್ಟಿಯನ್ನು ಹಿಡಿದು ಒಂದೊಂದೇ ನೋಟುಪುಸ್ತಕವನ್ನು ಕೇಳುತ್ತಾಳೆ. ಗೆರೆಯಿದ್ದದ್ದು, ಗೆರೆಯಿಲ್ಲದ್ದು, ಚೌಕದ್ದು, ನಕ್ಷೆಯದ್ದು. ಹತ್ತು ವರ್ಷದ ಹಿಂದಿನ ಮೇ ತಿಂಗಳಲ್ಲಿ ಅಂಗಡಿಯವರು ಸುತ್ತಲಿನ ಶಾಲೆಗಳಿಗೆ ತಾವೇ ಹೋಗಿ ಪ್ರತಿ ತರಗತಿಯ ಪಟ್ಟಿಯನ್ನು ತಂದರು. ರಾತ್ರಿ ಮನೆಮಂದಿಯೆಲ್ಲ ಕುಳಿತು ತರಗತಿಗೊಂದರಂತೆ ಕಟ್ಟು ಕಟ್ಟಿದರು. ಜೂನ್ ಬಂದಾಗ ‘ಎಂಟನೆಯದು ಒಂದು’ ಎಂದರೆ ಸಾಕು, ಕಟ್ಟು ಕೈಗೆ ಬರುತ್ತಿತ್ತು. ಸಾಲು ಅರ್ಧಕ್ಕರ್ಧ ಕರಗಿತು.

ಆದರೂ ಕೆಲವು ತಾಯಂದಿರು ಕಟ್ಟಿನ ಬೆಲೆಯನ್ನು ಕೇಳಿ ಸುಮ್ಮನೆ ಹೊರಟುಹೋಗುವುದನ್ನು ಅವರು ಗಮನಿಸಿದರು. ಎಲ್ಲರೂ ಒಂದೇ ದಿನ ಅಷ್ಟು ಹಣವನ್ನು ಕೊಡಲಾರರು. ಬೀಡಿ ಕಟ್ಟುವವರಿಗೆ ಕೂಲಿ ಬರುವ ದಿನ ಬೇರೆ. ದೋಣಿಗೆ ಹೋಗುವವರ ಮನೆಯಲ್ಲಂತೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾಲ, ಕೈಯಲ್ಲಿ ಕಾಸು ಇಲ್ಲದ ಕಾಲ. ಬಿಡಿಬಿಡಿಯಾಗಿ ಕ್ಯೂನಲ್ಲಿ ಕೇಳುವಾಗ ಅವರು ತಮಗೆ ತೀರ ಬೇಕಾದ ನಾಲ್ಕನ್ನು ಒಯ್ಯುತ್ತಿದ್ದರು. ಕಟ್ಟು ಬಂದ ಮೇಲೆ ನಾಲ್ಕು ಕೇಳುವುದಕ್ಕೆ ನಾಚಿಕೆ. ಮರುವರ್ಷ ಅಂಗಡಿಯವರು ಕಟ್ಟನ್ನು ಎರಡಾಗಿ ಮಾಡಿದರು, ಶಾಲೆ ತೆರೆದ ದಿನಕ್ಕೆ ಬೇಕಾದದ್ದು ಒಂದು, ಆಗಸ್ಟಿಗೆ ಸಾಕಾಗುವುದು ಇನ್ನೊಂದು. ಎರಡನೆಯದರ ಮೇಲೆ ಮಗುವಿನ ಹೆಸರು ಬರೆದು ಹಿಂದಿನ ಕಪಾಟಿನಲ್ಲಿಡುತ್ತಾರೆ. ಹಣ ಒಯ್ದು ಕೊಟ್ಟ ದಿನ ಒಯ್ಯಬಹುದು. ಕಳೆದ ಜುಲೈಯಲ್ಲಿ ನಾನು ಹೋದಾಗ ಕಪಾಟು ತುಂಬಿತ್ತು. ಒಂದು ಮನೆಯವರು ಊರು ಬಿಟ್ಟುಹೋದರೆಂದು ಒಂದು ಕಟ್ಟು ಎರಡು ವರ್ಷದಿಂದ ಅಲ್ಲೇ ಇದೆಯೆಂದು ತೋರಿಸಿದರು. ಬೇರೆಯವರಿಗೆ ಮಾರಬಹುದಲ್ಲ ಎಂದೆ. ‘ಹೆಸರು ಬರೆದಾಗಿದೆ, ಮಾಷ್ಟ್ರೇ’ ಎಂದರು.